ಎದುರು ಮನಿ ಅಜ್ಜಿಯ ಮಾತು

ಮಗಳ ಬಾಣಂತನಕ್ಕಂತ ಶಾರ್ಜಾಕ್ಕ ಹೋಗಿ ಐದು ತಿಂಗಳು ಇದ್ದೆ. ನನ್ನ ಬ್ಯಾಗಿನ್ಯಾಗ ಅರ್ಧಕ್ಕರ್ಧ ಅಂಟಿನ ಉಂಡೀನ ಇದ್ದುವು. ಎದುರು ಫ್ಲ್ಯಾಟಿನ್ಯಾಗ ಸಿರಿಯಾದ ಅಜ್ಜಿ ಒಬ್ಬರು, ಅಲೆಪ್ಪೊ ಊರಿನವರು. ಕೂಸು ಮನಿಗೆ ಬಂದ ದಿನಾನ ಒಂದು ಬಟ್ಟಲ ತಂದ್ರು. ಅಕ್ಕಿ ಹಿಟ್ಟಿಗೆ ಜೀರಗಿಯಂಥಾ ಕಾಳಿನ ಪುಡಿ, ಸಕ್ಕರಿ ಹಾಕಿ ಕುದಿಸಿದ್ದು, ಮ್ಯಾಲೆ ಅಕ್ರೋಟ, ಬದಾಮಿ. ಕೂಸು ಹುಟ್ಟಿದಾಗ ಅವರಲ್ಲಿ ಇದನ್ನ ಮಾಡತಾರಂತ, 'ಕರಾವಿಯಾ' ಅಂತ ಹೆಸರು. ಖಾಲಿ ಬಟ್ಟಲ ತಿರುಗಿ ಹ್ಯಾಂಗ ಕೊಡೂದ್ರಿ? ಎರಡು ಅಂಟಿನ ಉಂಡಿ ಇಟ್ಟು ಕೊಟ್ಟೆ. ಗೆಳೆತನ ಆತು.

ನನಗ ಅರಬ್ಬಿ ಇಲ್ಲ, ಅವರಿಗೆ ಕನ್ನಡ ಇಲ್ಲ. ಎಂಟನೇತ್ತೆ ಓದೂ ಅವರ ಮೊಮ್ಮಗಳು ನಡುವ ಕೂತು ಇಂಗ್ಲಿಷಿನ್ಯಾಗ ಹೇಳತಿದ್ಲು. ನನ್ನ ಪಿಯುಸಿ ಇಂಗ್ಲಿಷು ಅಷ್ಟಕ್ಕ ಸಾಕಾಗತಿತ್ತು. ಆ ಹುಡುಗಿಗೆ ಸಾಲ್ಯಾಗ ಒಂದು ಹೋಂವರ್ಕು ಕೊಟ್ಟಿದ್ರು: ಮನಿ ಹಿರಿಯರ ಹತ್ತು ಮಾತು ಇಂಗ್ಲಿಷಿನ್ಯಾಗ ಬರಕೊಂಡು ಬರಬೇಕು, ಓದಿದ್ರ ಇಂಗ್ಲಿಷ ಅನಸಬೇಕು.

'ತಾಯಿ ಕಣ್ಣಿಗೆ ಮಂಗ್ಯಾನೂ ಜಿಂಕಿ' ಅಂತ ಅಜ್ಜಿ ಅಂದ್ರು. ನಮ್ಮಲ್ಲಿ ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ ಅಂದೆ. ಮೊಬೈಲಿನ್ಯಾಗ ಹೆಗ್ಗಣದ ಚಿತ್ರ ತೋರಿಸಿದ್ದಕ್ಕ ಅವರು ಹೊಟ್ಟಿ ಹಿಡಕೊಂಡು ನಕ್ರು. 'ಹೊದಿಕಿ ಇದ್ದಷ್ಟು ಕಾಲು ಚಾಚು' ಅನ್ನೂದಂತೂ ನಮ್ಮ ಹಾಸಿಗಿ ಮಾತೇ. ಇಂಗ್ಲಿಷಿನವರು ಅದಕ್ಕ ಬಟ್ಟಿ ಇದ್ದಷ್ಟು ಕೋಟು ಹೊಲಿ ಅಂತಾರ ಅಂತ ಮಗಳು ಹೇಳಿದ್ಲು. ಆಗದ ಮಾತಿಗೆ ಅಜ್ಜಿ 'ನಾಳೆ, ಜರದಾಳು ಹಣ್ಣಿನ್ಯಾಗ' ಅಂದ್ರು. ಆ ಹಣ್ಣಿನ ಸುಗ್ಗಿ ಬಂತು ಅನ್ನೂದ್ರಾಗ ಮುಗೀತದಲ್ಲ, ಅದಕ್ಕ. ಇಂಗ್ಲಿಷಿನ್ಯಾಗ ಅಲ್ಲಿ ಜರದಾಳು ಹೋಗಿ ಹಂದಿ ಬಂತು, ರೆಕ್ಕಿ ಕಟಗೊಂಡು!

ಹತ್ತನೇ ಮಾತಿಗೆ ಗದ್ದಲ ಆತು. ಅಜ್ಜಿ ಕೂಸಿನ್ನ ಎತ್ತಿಕೊಂಡಾಗೆಲ್ಲಾ 'ತೊಬರ್ನಿ, ತೊಬರ್ನಿ' ಅಂತಿದ್ರು. ಹಂಗಂದ್ರ ಏನವಾ ಅಂತ ಮಗಳು ಕೇಳಿದ್ಲು. ಹುಡುಗಿ ಇದ್ದದ್ದ ಇದ್ದಂಗ ಹೇಳಿಬಿಟ್ಲು: "ನೀ ನನ್ನ ಹೂಳು."

ಮಗಳ ಮುಖ ಇಳೀತು. ಹದಿನೆಂಟು ದಿನದ ಕೂಸಿನ ಮುಂದ ಸಾವಿನ ಮಾತ? ಏನೂ ಅನ್ನದ ಕೂಸಿನ್ನ ಇಸಗೊಂಡು ಒಳಗ ಹೋದ್ಲು. ಮರುದಿನ ಅಜ್ಜಿ ಬಂದು ಬೆಲ್ ಮಾಡಿದ್ರ ಬಾಗಲಾ ತೆಗೀಬ್ಯಾಡ ಅಂದ್ಲು. ನಾ ಹೊಸ್ತಿಲದಾಗ ನಿಂತು ಅವರ ಕಾಲಿನ ಸಪ್ಪಳ ತಿರುಗಿ ಹೋಗೂದು ಕೇಳಿದೆ. ಭಾಳ ಕೆಟ್ಟನಿಸಿತು.

ರಾತ್ರಿ ಮಗಳ ತಲಿಗೆ ಎಣ್ಣಿ ಹಚ್ಚಕೋತ ಹೇಳಿದೆ. "ನಿಮ್ಮಜ್ಜಿನೂ ನಮ್ಮಣ್ಣಗ ಹಿಂಗ ಅಂತಿದ್ಲು. 'ನಾ ನಿನ್ನ ಕೈಯಾಗ ಹೋಗಬೇಕೋ ಮಗನ' ಅಂತ ಗಲ್ಲಾ ಹಿಡದು ಅಂತಿದ್ಲು. ಅಣ್ಣ ಮೂವತ್ತೊಂದಕ್ಕ ತೀರಿಕೊಂಡ. ಅವತ್ತಿನಿಂದ ಅವ್ವ ಆ ಮಾತು ಯಾರಿಗೂ ಅನ್ನಲಿಲ್ಲ. ಹಡದವರು ಮೊದಲ ಹೋಗಬೇಕು, ಅದ ಬ್ಯಾರೆ ಆಗಬಾರದು ಅನ್ನೂದು ಆಶೀರ್ವಾದ. ಎದುರಿನ ಅಜ್ಜಿ ನಿನ್ನ ಕೂಸಿಗೆ ಆಯುಷ್ಯ ಕೇಳಿದ್ರು."

ಮಗಳು ಏನೂ ಅನ್ನಲಿಲ್ಲ. ಆದ್ರ ಮುಂಜಾನೆ ತಾನ ಕೂಸಿನ್ನ ಎತಗೊಂಡು ಎದುರು ಮನಿ ಬೆಲ್ ಮಾಡಿದ್ಲು.

ಆ ಹತ್ತನೇ ಮಾತು ಬರಿಯಾಕ ಇಬ್ಬರೂ ಒಂದು ತಾಸು ಕೂತ್ರು. 'ಹೂಳು' ಅಂತ ಬರದ್ರ ಓದಿದವರು ಹೆದರತಾರ. 'ಲವ್ ಯೂ ಟು ಡೆತ್' ಅಂತ ಹುಡುಗಿ ಅಂದ್ಲು. ಅದನ್ನ ಪಿಜ್ಜಾಕ್ಕೂ ಅಂತಾರ, ಬ್ಯಾಡ ಅಂದ್ಲು ಮಗಳು. ಕಡೀಕ 'ಮೇ ಐ ನೆವರ್ ಸೀ ಅ ಡೇ ವಿದೌಟ್ ಯೂ' ಅಂತ ಬರದ್ರು. ಹೂಳೂದು ಹೋತು, ತಾಯಿ ಉಳದ್ಲು.

ಈಗ ನಾ ಧಾರವಾಡದಾಗ ಇದ್ದೇನಿ. ಮೊನ್ನೆ ವಿಡಿಯೋ ಕಾಲಿನ್ಯಾಗ ಮೊಮ್ಮಗ ಹಲ್ಲು ತೋರಿಸಿ ನಕ್ಕ. ನನ್ನ ಬಾಯಾಗ ಥಟ್ಟನ ಬಂದುಬಿಡ್ತು, ತೊಬರ್ನಿ ಅಂತ. ಮಗಳು ನಕ್ಕೋತ, "ಇನ್ನ ಭಾಳ ದಿನ ಅದ ಅದಕ್ಕ, ನೀ ಗಟ್ಟಿ ಇರು" ಅಂದ್ಲು.

ನಿಮ್ಮ ಮನಿ ಹಿರಿಯರೂ ಇಂಥಾ ಮಾತು ಅಂತಾರೇನ್ರಿ? ಸಿಟ್ಟಿಗೇಳೂಕಿಂತ ಮೊದಲ ಒಮ್ಮೆ ಹಂಗಂದ್ರ ಏನಂತ ಕೇಳ್ರಿ.