ಗುಡ್ಡವೇರುವ ಉಕ್ಕಿನ ಸೈಕಲ್ಲು

ಬೈಸಿಕಲ್ಲು ಕೊಳ್ಳಲು ಹೊರಟ ಗೃಹಸ್ಥನ ಪಾಡು ಈಗ ಹಿಂದಿನಷ್ಟು ಸುಲಭವಾಗಿಲ್ಲ. ಟಾರು ರಸ್ತೆಗೆ ಒಂದು ಜಾತಿ, ಜಲ್ಲಿಯ ದಾರಿಗೆ ಇನ್ನೊಂದು, ಗುಡ್ಡವನ್ನು ಹತ್ತುವುದಕ್ಕೆ ಬೇರೆ, ಇಳಿಯುವುದಕ್ಕೆ ಬೇರೆ, ಸಾಮಾನು ಹೇರಿಕೊಂಡು ದೂರ ಹೋಗುವುದಕ್ಕೆ ಮತ್ತೂ ಬೇರೆ ಎಂದು ಅಂಗಡಿಯವನು ಹೇಳುತ್ತಾನೆ. ಸವಾರನಾದರೋ ಒಬ್ಬನೆ, ಅವನಿಗಿರುವ ಕಾಲುಗಳು ಎರಡೇ, ಮನೆಯ ಜಗಲಿಯಲ್ಲಿ ಸ್ಥಳವೂ ಒಂದಕ್ಕೇ. ಇಂಥ ಸಮಯದಲ್ಲಿ, ಅಂಗಡಿಯ ಮೂಲೆಗೆ ಒರಗಿಕೊಂಡು, ಹೆಚ್ಚು ಬೆಡಗು ಬಿನ್ನಾಣಗಳಿಲ್ಲದೆ ನಿಂತಿರುವ ಒಂದು ಗಾಡಿಯ ಮೇಲೆ ಅವನ ಕಣ್ಣು ಬೀಳುವುದುಂಟು. ಅದರ ಚೌಕಟ್ಟು ಸಪುರವಾದ ಉಕ್ಕಿನ ಕೊಳವೆಗಳದು. ಟಯರುಗಳು ದಪ್ಪ. ಮುಂದಿನ ಚಕ್ರವನ್ನು ಹಿಡಿದ ಕವಲಿನಲ್ಲಿ ಪೆಟ್ಟನ್ನು ನುಂಗುವ ಸ್ಪ್ರಿಂಗಿನ ಏರ್ಪಾಡು ಇದೆ. ಹಿಂದಿನ ಚಕ್ರಕ್ಕೆ ಅಂಥ ಉಪಚಾರವೊಂದೂ ಇಲ್ಲ, ಅದು ಚೌಕಟ್ಟಿಗೆ ನೇರವಾಗಿ ಬಿಗಿಯಲ್ಪಟ್ಟಿದೆ. ಈ ಕಾರಣದಿಂದಲೇ ಇಂಗ್ಲಿಷಿನವರು ಇದನ್ನು ‘ಹಾರ್ಡ್‌ಟೇಲ್’, ಎಂದರೆ ಬಿಗಿಬಾಲದ ಗಾಡಿ, ಎಂದು ಕರೆಯುವರು. ಹೆಸರು ಕಿವಿಗೆ ಇಂಪಾಗಿಲ್ಲ. ಅರ್ಥದಲ್ಲಿ ಮಾತ್ರ ಮೋಸವಿಲ್ಲ.

ಈ ಗಾಡಿಯ ವಂಶವೃತ್ತಾಂತವು ಗುಜರಿಯಿಂದ ಪ್ರಾರಂಭವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದಿಂದ ಉತ್ತರಕ್ಕೆ, ಮರಿನ್ ಎಂಬ ಸೀಮೆಯಿದೆ. ತಮಾಲ್ಪಾಯಿಸ್ ಎಂಬ ಬೆಟ್ಟ ಆ ಸೀಮೆಯ ತಲೆಯಂತಿದೆ. ೧೯೭೦ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು, ಶಿಕಾಗೋದ ಶ್ವಿನ್ ಕಂಪೆನಿಯವರು ೧೯೩೩ರಿಂದೀಚೆಗೆ ಮಾಡಿ ಮಾರಿದ್ದ ‘ಬಲೂನ್’ ಟಯರಿನ ಹಳೆಯ ಸೈಕಲ್ಲುಗಳನ್ನು ಹಿತ್ತಿಲುಗಳಿಂದಲೂ ಗುಜರಿ ಅಂಗಡಿಗಳಿಂದಲೂ ಹೆಕ್ಕಿ ತರತೊಡಗಿದರು. ಪತ್ರಿಕೆ ಹಂಚುವ ಹುಡುಗರಿಗೆಂದು ಹುಟ್ಟಿದ್ದ ಆ ಗಾಡಿಗಳು ಬಲು ಭಾರ, ಒಂದೇ ಗೇರು, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಇವುಗಳ ಮೇಲೆ ಕುಳಿತು, ಕಾಡಿನ ಬೆಂಕಿ ಆರಿಸುವವರಿಗಾಗಿ ಕಡಿದಿದ್ದ ಮಣ್ಣಿನ ಹಾದಿಗಳಲ್ಲಿ ಅವರು ಇಳಿಯುವರು. ೧೯೭೬ನೆಯ ಅಕ್ಟೋಬರ್ ೨೧ರಂದು ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರ ಇಂಥದೊಂದು ಹಾದಿಯಲ್ಲಿ ಗಡಿಯಾರ ಹಿಡಿದು ಪಂದ್ಯವನ್ನೇ ನಡೆಯಿಸಿದರು. ಸುಮಾರು ಎರಡು ಮೈಲಿಯ ಹಾದಿ. ೧,೩೦೦ ಅಡಿಯ ಇಳಿತ. ಕೆಳಗೆ ತಲಪುವ ಹೊತ್ತಿಗೆ ಬ್ರೇಕಿನೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗಿರುತ್ತಿತ್ತು. ಮರುಸವಾರಿಗೆ ಮುಂಚೆ ಗುಂಬವನ್ನು ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕು. ಆದುದರಿಂದ ಆ ಹಾದಿಗೆ ‘ರೀಪ್ಯಾಕ್’, ಮರುತುಂಬು, ಎಂಬ ಹೆಸರೇ ನಿಂತಿತು. ಗ್ಯಾರಿ ಫಿಷರ್ ಎಂಬಾತನು ಅದನ್ನು ೪ ನಿಮಿಷ ೨೨ ಸೆಕೆಂಡುಗಳಲ್ಲಿ ಇಳಿದುದೇ ಅಲ್ಲಿಯ ದಾಖಲೆ.

ಆ ಹಾದಿಯ ಪೆಟ್ಟಿಗೆ ಹಳೆಯ ಚೌಕಟ್ಟುಗಳು ಬಾಗಿದುವು, ಬಿರಿದುವು. ಹಳೆಯದನ್ನು ತೇಪೆ ಹಾಕುತ್ತ ಕೂರುವುದಕ್ಕಿಂತ ಹೊಸದನ್ನೇ ಕಟ್ಟುವುದು ಲೇಸೆಂದು ೧೯೭೭ರಲ್ಲಿ ಜೋ ಬ್ರೀಜ್ ಎಂಬ ಕಸಬುದಾರನು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕಿನ ಕೊಳವೆಗಳಿಂದ ಗುಡ್ಡಗಾಡಿಗೆಂದೇ ಒಂದು ಚೌಕಟ್ಟನ್ನು ಬೆಸೆದನು. ಅದು ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯವನ್ನು ಸೇರಿದೆ. ೧೯೭೯ರಲ್ಲಿ ಫಿಷರನೂ ಚಾರ್ಲಿ ಕೆಲ್ಲಿಯೂ ಕೂಡಿ ಟಾಮ್ ರಿಚಿಯ ಕೈಯ ಚೌಕಟ್ಟುಗಳನ್ನು ಮಾರತೊಡಗಿದರು. ೧೯೮೧ರಲ್ಲಿ ಸ್ಪೆಷಲೈಜ್ಡ್ ಕಂಪೆನಿಯ ‘ಸ್ಟಂಪ್‌ಜಂಪರ್’ ಜಪಾನಿನ ಕಾರ್ಖಾನೆಗಳಿಂದ ಹೇರಳವಾಗಿ ಬಂದಿತು. ಅಲ್ಲಿಂದ ಮುಂದಿನದು ವ್ಯಾಪಾರದ ಚರಿತ್ರೆ.

ವ್ಯಾಪಾರವು ಉಕ್ಕಿಗೆ ಕೃತಜ್ಞವಾಗಿ ಉಳಿಯಲಿಲ್ಲ. ಮೊದಲು ಅಲ್ಯುಮಿನಿಯಂ ಬಂದಿತು. ಆಮೇಲೆ ಕಾರ್ಬನ್ನಿನ ನಾರು. ಉಕ್ಕು ಅಲ್ಯುಮಿನಿಯಮ್ಮಿಗಿಂತ ಹೆಚ್ಚುಕಡಮೆ ಮೂರು ಪಾಲು ಭಾರ. ಆದರೆ ಅದರ ಬಿಗಿಯೂ ಮೂರು ಪಾಲು ಹೆಚ್ಚು. ಆದುದರಿಂದಲೇ ಉಕ್ಕಿನ ಕೊಳವೆ ಸಪುರವಾಗಿದ್ದರೂ ಸಾಕು. ಅದರ ಗೋಡೆಯನ್ನು ನಡುವೆ ಅರ್ಧ ಮಿಲಿಮೀಟರಿನ ಆಸುಪಾಸಿಗೆ ತೆಳುವಾಗಿಸಿ, ಬೆಸುಗೆ ಬೀಳುವ ತುದಿಗಳಲ್ಲಿ ಮಾತ್ರ ದಪ್ಪವಾಗಿ ಉಳಿಸಬಹುದು. ಈ ಉಪಾಯಕ್ಕೆ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಮನೆತನದವರು ೧೮೯೭ರಷ್ಟು ಹಿಂದೆಯೇ ಹಕ್ಕುಪತ್ರ ಪಡೆದಿದ್ದರು. ಇಷ್ಟಾದರೂ ತೂಕದಲ್ಲಿ ಉಕ್ಕಿನ ಚೌಕಟ್ಟು ಕಾರ್ಬನ್ನಿನದಕ್ಕಿಂತ ಒಂದು ಕಿಲೋವಾದರೂ ಹೆಚ್ಚು ತೂಗುವುದು. ಪಂದ್ಯ ಗೆಲ್ಲಬೇಕಾದವನಿಗೆ ಅದು ಸಣ್ಣ ಮಾತಲ್ಲ. ಭಾನುವಾರ ಗುಡ್ಡಕ್ಕೆ ಹೋಗಿ ಸೋಮವಾರ ಕಚೇರಿಗೆ ಹೋಗುವವನು ತನ್ನ ಸ್ವಂತ ಹೊಟ್ಟೆಯ ಕಡೆ ಒಮ್ಮೆ ನೋಡಿಕೊಂಡರೆ ಆ ಒಂದು ಕಿಲೋವಿನ ವಿಚಾರದಲ್ಲಿ ಅಷ್ಟು ವ್ಯಥೆಪಡಲಾರನು.

‘ಉಕ್ಕು’ ಎಂಬ ಮಾತಿನ ಸಂಗತಿಯೂ ಇಲ್ಲಿ ನೆನೆಯತಕ್ಕದ್ದೇ. ದಕ್ಷಿಣ ದೇಶದ ಮೂಸೆಯ ಉಕ್ಕು ಯೂರೋಪಿನ ವಿದ್ವಾಂಸರ ಬಾಯಲ್ಲಿ ‘ವೂಟ್ಸ್’ ಎನ್ನಿಸಿಕೊಂಡಿತಷ್ಟೆ. ಆ ಪದದ ಬೇರು ಕನ್ನಡ ತೆಲುಗುಗಳ ಈ ‘ಉಕ್ಕು’ ಎಂದೇ ನಿಘಂಟುಕಾರರ ಮತ.

ಉಕ್ಕಿನ ಪಕ್ಷಪಾತಿಗಳು ಆ ಲೋಹದಲ್ಲಿ ಒಂದು ಬಗೆಯ ಜೀವಂತಿಕೆಯಿದೆ, ಅದು ಸವಾರನ ಕೆಳಗೆ ಬಳುಕುತ್ತದೆ ಎಂದು ಹೊಗಳುವರು. ಇದರಲ್ಲಿ ಸತ್ಯವು ಸ್ವಲ್ಪ, ಪ್ರೀತಿಯ ಉತ್ಪ್ರೇಕ್ಷೆ ಬಹಳ. ಎರಡೂವರೆ ಅಂಗುಲದ ಟಯರಿಗೆ ಗಾಳಿಯನ್ನು ಮಿತವಾಗಿ ತುಂಬಿದರೆ ಅದು ಮಾಡುವಷ್ಟು ಉಪಕಾರವನ್ನು ಯಾವ ಚೌಕಟ್ಟಿನ ಬಳುಕೂ ಮಾಡಲಾರದು. ಉಕ್ಕಿನ ನಿಜವಾದ ಗುಣ ಬೇರೆ ಕಡೆ ಇದೆ. ಒಂದು ಮಿತಿಗೆ ಒಳಪಟ್ಟ ಭಾರವನ್ನು ಅದು ಎಷ್ಟು ಲಕ್ಷ ಸಲ ಹೊತ್ತರೂ ದಣಿಯುವುದಿಲ್ಲ. ಅಲ್ಯುಮಿನಿಯಮ್ಮಿಗೆ ಅಂಥ ಮಿತಿಯ ಆಶ್ರಯವಿಲ್ಲ. ಪ್ರತಿಯೊಂದು ಕುಲುಕೂ ಅದರ ಆಯುಸ್ಸಿನ ಗಂಟಿನಿಂದ ಒಂದಿಷ್ಟನ್ನು ತೆಗೆದುಕೊಳ್ಳುವುದು. (ತಯಾರಕರು ಇದನ್ನು ಬಲ್ಲವರಾದ್ದರಿಂದ ಆ ಗಂಟನ್ನು ದೊಡ್ಡದಾಗಿಯೇ ಇಟ್ಟಿರುತ್ತಾರೆ ಎಂಬುದನ್ನೂ ಹೇಳಬೇಕು.) ಇನ್ನು, ಮಿತಿ ಮೀರಿದ ಪೆಟ್ಟು ಬಿದ್ದಾಗ ಒಳ್ಳೆಯ ಉಕ್ಕು ಥಟ್ಟನೆ ಒಡೆಯುವುದಕ್ಕಿಂತ ಮೊದಲು ಸಾಮಾನ್ಯವಾಗಿ ಬಾಗುತ್ತದೆ, ಬಣ್ಣ ಸುಕ್ಕುಗಟ್ಟುತ್ತದೆ, ಕೂದಲೆಳೆಯ ಬಿರುಕು ತುಕ್ಕಿನ ಗೆರೆಯಾಗಿ ಹೊರಗೆ ಕಾಣುತ್ತದೆ. ಒಂದು ಬದಿಗೆ ಕಮರಿಯಿರುವ ಇಳಿಜಾರಿನಲ್ಲಿ ತನ್ನ ಕೊರಳನ್ನು ಲೋಹವೊಂದರ ವಶಕ್ಕೆ ಒಪ್ಪಿಸಿದವನಿಗೆ ಮುನ್ಸೂಚನೆ ಕೊಟ್ಟು ಕೈಬಿಡುವ ಲೋಹಕ್ಕೂ, ಮಾತಿಲ್ಲದೆ ಕೈಬಿಡುವ ಲೋಹಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಬಿಗಿಬಾಲದ ಮಾತು ಬೇರೆ. ಹಿಂದುಗಡೆಗೂ ಸ್ಪ್ರಿಂಗನ್ನು ಅಳವಡಿಸಿದ ಗಾಡಿಯಲ್ಲಿ ಕೀಲುಗಳು, ಬೇರಿಂಗುಗಳು, ಎಣ್ಣೆಯ ಕೊಳವೆ ಇವೆಲ್ಲವೂ ಇರುವುವು. ಅವೆಲ್ಲಕ್ಕೂ ಕಾಲಕಾಲಕ್ಕೆ ಆರೈಕೆ ಬೇಕು. ಕಲ್ಲಿನ ಹಾದಿಯಲ್ಲಿ ಅಂಥದು ಸುಖವಾಗಿ ಓಡುತ್ತದೆಂಬುದೇನೋ ನಿಜ. ಬಿಗಿಬಾಲದ ಸವಾರನಿಗೆ ಆ ಸುಖವಿಲ್ಲ. ಇಳಿಯುವಾಗ ಮುಂದಿನ ಕವಲು ತಗ್ಗುತ್ತದೆ, ಹಿಂದಿನದು ತಗ್ಗುವುದಿಲ್ಲ; ಗಾಡಿಯೆಲ್ಲ ಮೂಗು ಕೆಳಗೆ ಮಾಡುತ್ತದೆ. ಆಗ ಅವನು ಪೀಠ ಬಿಟ್ಟು ಎದ್ದು, ಮೊಣಕಾಲು ಮೊಣಕೈಗಳನ್ನು ಸಡಿಲಿಸಿ, ತನ್ನ ಮೈಯನ್ನೇ ಸ್ಪ್ರಿಂಗನ್ನಾಗಿ ಮಾಡಿಕೊಳ್ಳಬೇಕು. ಯಾವ ಬೇರಿನ ಮೇಲೆ ಹೋಗಬೇಕು, ಯಾವ ಕಲ್ಲನ್ನು ಬಳಸಬೇಕು ಎಂಬುದನ್ನು ಹತ್ತು ಮಾರು ಮುಂಚೆಯೇ ನಿಶ್ಚಯಿಸಬೇಕು. ತಪ್ಪಿದರೆ ಹಿಂದಿನ ಚಕ್ರವು ಹಿಮ್ಮಡಿಗೆ ಕೂಡಲೆ ವರದಿ ಒಪ್ಪಿಸುವುದು. ಏರುವಾಗ ಮಾತ್ರ ಈ ಬಿಗಿಯ ಫಲ ಕೈಗೆ ಸಿಗುತ್ತದೆ: ತುಳಿದ ಬಲವು ಕುಣಿತದಲ್ಲಿ ಸೋರಿಹೋಗದೆ ಚಕ್ರವನ್ನು ಸೇರುತ್ತದೆ.

ಹೀಗೆ ನಿಧಾನವನ್ನು ಕಲಿಸುವ ಗಾಡಿ ಸವಾರನನ್ನು ಸಾಧುವನ್ನಾಗಿ ಮಾಡುತ್ತದೆಯೆ? ಮರಿನ್ ಸೀಮೆಯ ಅನುಭವ ಹಾಗೆ ಹೇಳುವುದಿಲ್ಲ. ರೀಪ್ಯಾಕಿನಲ್ಲಿ ಧೂಳೆಬ್ಬಿಸಿದವರು ಹಿಂದೆ ಮುಂದೆ ಎರಡೂ ಕಡೆ ಬಿಗಿಯಾದ ಗಾಡಿಗಳವರೇ. ೧೯೮೦ರ ದಶಕದಲ್ಲಿ ಗುಂಪು ಬೆಳೆದಂತೆ ಪಾದಚಾರಿಗಳೂ ಕುದುರೆಯವರೂ ದೂರಿಟ್ಟರು. ತಮಾಲ್ಪಾಯಿಸ್ ಬೆಟ್ಟದ ಕಿರುಹಾದಿಗಳು ಸೈಕಲ್ಲಿಗೆ ಮುಚ್ಚಿದುವು. ಅಗಲವಾದ ಮಣ್ಣುರಸ್ತೆಗಳಲ್ಲಿ ಗಂಟೆಗೆ ೧೫ ಮೈಲಿ, ಕುರುಡು ತಿರುವುಗಳಲ್ಲಿ ೫ ಮೈಲಿ ಎಂದು ಕಟ್ಟಳೆಯಾಯಿತು. ಬೆಟ್ಟದ ಗಾಡಿ ಹುಟ್ಟಿದ ಮಡಿಲಲ್ಲೇ ಅದಕ್ಕೆ ಮೈಲಿಗೆಯಾದುದು ವಿಷಾದಕರ. ಆದರೆ ಮೊಮ್ಮಗಳ ಕೈಹಿಡಿದು ನಡೆಯುತ್ತಿರುವ ಮುದುಕಿಯೊಬ್ಬಳ ಎದುರಿಗೆ ತಿರುವಿನಲ್ಲಿ ಸೈಕಲ್ಲೊಂದು ನುಗ್ಗುವುದನ್ನು ಕಲ್ಪಿಸಿಕೊಂಡವರು ಆ ಕಟ್ಟಳೆಯನ್ನು ಬರಿಯ ಹಟವೆನ್ನಲಾರರು.

ಗುಡ್ಡ ಮುಚ್ಚಿದರೂ ಈ ಗಾಡಿಗೆ ಕೆಲಸ ತಪ್ಪುವುದಿಲ್ಲ; ಅದರ ನಿಜವಾದ ಆಕರ್ಷಣೆ ಅಲ್ಲಿಯೇ ಇರುವುದು. ಅಮೆರಿಕದ ಸರ್ಲಿ ಎಂಬ ಕಂಪೆನಿಯವರು ‘ಕರಾಟೆ ಮಂಕಿ’ ಎಂಬ ವಿಚಿತ್ರ ಹೆಸರಿನ ಉಕ್ಕಿನ ಚೌಕಟ್ಟೊಂದನ್ನು ಮಾಡಿರುವರು. ಅದಕ್ಕೆ ಗೇರುಗಳನ್ನು ಹಾಕಬಹುದು, ಬೇಡವೆಂದರೆ ಒಂದೇ ಗೇರಿನಲ್ಲಿ ಓಡಿಸಬಹುದು. ಸ್ಪ್ರಿಂಗಿನ ಕವಲನ್ನು ತೆಗೆದು ಗಟ್ಟಿ ಕವಲನ್ನು ಕೂರಿಸಬಹುದು. ತಿರುಪುಗಳನ್ನು ಬಿಗಿದರೆ ಸಾಮಾನಿನ ಅಡ್ಡೆ. ೧೮೯೭ರಲ್ಲಿ ಅಮೆರಿಕದ ಸೈನ್ಯದ ೨೫ನೆಯ ಕಾಲಾಳುಪಡೆಯ ೨೦ ಮಂದಿ ಕಪ್ಪು ಸೈನಿಕರು ಮೊಂಟಾನಾದ ಬೆಟ್ಟಗಳಿಂದ ಸೇಂಟ್ ಲೂಯಿಸ್‌ವರೆಗೆ ಸುಮಾರು ೧,೯೦೦ ಮೈಲಿಯನ್ನು ೪೧ ದಿನಗಳಲ್ಲಿ ಸೈಕಲ್ಲಿನ ಮೇಲೆ ಕ್ರಮಿಸಿದಾಗ ಅವರಿಗೂ ಬೇಕಾದುದು ಇದೇ: ಡೇರೆ, ಬಂದೂಕು, ಬುತ್ತಿಗಳನ್ನು ಹೊತ್ತು, ದಾರಿಯಿದ್ದರೆ ದಾರಿಯಲ್ಲಿ, ಇಲ್ಲದಿದ್ದರೆ ರೈಲ್ವೆ ಹಳಿಯ ಮೇಲೆ ಕುಲುಕುತ್ತ ಸಾಗುವ ಗಾಡಿ. ಮಗು ಹುಟ್ಟಿದ ಮನೆಯಲ್ಲಿ ಅದೇ ಅಡ್ಡೆಯ ಮೇಲೆ ಮಗುವಿನ ಪೀಠ ಬರುತ್ತದೆ. ಅದು ಶಾಲೆಗೆ ಹೋದಮೇಲೆ ತರಕಾರಿಯ ಚೀಲ. ಟಯರು ಬದಲಾಯಿಸಿದರೆ ಗಾಡಿಯೇ ಬದಲಾದಂತೆ.

ಇದರ ಶತ್ರು ತುಕ್ಕೊಂದೇ, ಅದೂ ಒಳಗಿನಿಂದ ಬರುವಂಥದು. ಮಳೆಯಲ್ಲಿ ಓಡಿದ ಗಾಡಿಯ ಪೀಠದ ಕಂಬವನ್ನು ಕಿತ್ತು ತಲೆಕೆಳಗೆ ಮಾಡಿದರೆ ಒಂದು ಚಮಚೆಯಷ್ಟು ಕೆಂಪು ನೀರು ಸುರಿಯುವುದುಂಟು. ಬಲ್ಲವರು ಮಳೆಗಾಲಕ್ಕೆ ಮುಂಚೆ ಕೊಳವೆಗಳೊಳಕ್ಕೆ ಎಣ್ಣೆಯನ್ನು ಹುಯ್ದು, ಚೌಕಟ್ಟನ್ನು ಎಲ್ಲ ಕಡೆಗೂ ನಿಧಾನವಾಗಿ ಹೊರಳಿಸಿ, ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿ, ರಾತ್ರಿಯೆಲ್ಲ ಬಸಿಯಲು ಬಿಡುತ್ತಾರೆ.