ಇಂದು ಏನು ಅಡಿಗೆ?

ಬೆಳಗಾದೊಡನೆ ಗೃಹಿಣಿಯ ಮುಂದೆ ಬಂದು ನಿಲ್ಲುವ ಪ್ರಶ್ನೆಯೊಂದುಂಟು: ‘ಇಂದು ಏನು ಅಡಿಗೆ?’ ಕೇಳುವವರಿಗೆ ಇದು ಬಹು ಸಣ್ಣ ಪ್ರಶ್ನೆ. ವರ್ಷಕ್ಕೆ ೩೬೫ ಸಲ ಇದಕ್ಕೆ ಉತ್ತರ ಕೊಡಬೇಕಾದವಳಿಗೆ ಮಾತ್ರ ಇದು ಸಣ್ಣದಲ್ಲ. ನಿನ್ನೆಯ ಉತ್ತರವನ್ನೇ ಇಂದೂ ಕೊಟ್ಟರೆ ಉಣ್ಣುವವರ ಮುಖ ಸಪ್ಪಗಾಗುತ್ತದೆ. ಹೊಸದೊಂದನ್ನು ಮಾಡಿ ಬಡಿಸಿದರೆ ‘ಇದೇನಿದು?’ ಎಂದು ಹುಬ್ಬು ಮೇಲೇರುತ್ತದೆ. ನಾಲಗೆಯು ಬದಲಾವಣೆಯನ್ನು ಬೇಡುತ್ತದೆ. ಬದಲಾವಣೆ ಬಂದೊಡನೆ ಹಳೆಯದನ್ನು ನೆನೆದು ಹಂಬಲಿಸುತ್ತದೆ. ಈ ವಿಚಿತ್ರ ಯಜಮಾನನನ್ನು ತೃಪ್ತಿಪಡಿಸುವ ಹೊಣೆ ಅಡಿಗೆ ಮಾಡುವವರ ಪಾಲಿಗೆ ಬಂದಿದೆ.

ತಿಪಟೂರಿನ ಕಡೆಯ ಒಂದು ಹಳ್ಳಿಮನೆಗೆ, ೧೯೭೦ರ ಸುಮಾರಿನಲ್ಲಿ, ಸಾಗರದ ಸೀಮೆಯಿಂದ ಸೊಸೆಯೊಬ್ಬಳು ಬಂದಳು. ತವರಿನಿಂದ ತಂದ ವಸ್ತುಗಳಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ದೊಡ್ಡಪತ್ರೆಯ ಕಡ್ಡಿಗಳೂ ಇದ್ದವು. ಬಚ್ಚಲ ನೀರು ಹರಿಯುವ ಕಡೆ ಅವನ್ನು ನೆಟ್ಟಳು. ಬೇಡದ ಆರೈಕೆಯನ್ನು ಬಯಸದ ಗಿಡವದು. ತಿಂಗಳೊಪ್ಪತ್ತಿನಲ್ಲಿ ಚಿಗುರಿ ಹಬ್ಬಿತು. ಆ ಮನೆಯ ಊಟದ ಕ್ರಮ ಅಚ್ಚುಕಟ್ಟಾದದ್ದು: ಮೊದಲು ರಾಗಿಮುದ್ದೆ, ಅದಕ್ಕೆ ಕಾಳಿನ ಸಾರು ಅಥವಾ ಸೊಪ್ಪಿನ ಸಾರು, ಅನಂತರ ಒಂದು ಹಿಡಿ ಅನ್ನ, ಮಜ್ಜಿಗೆ. ತೆಂಗಿನ ಸೀಮೆಯಾದ್ದರಿಂದ ಕಾಯಿಗೆ ಬರವಿರಲಿಲ್ಲ. ವರ್ಷಗಟ್ಟಲೆ ಹೀಗೆಯೇ ನಡೆದು ಬಂದದ್ದರಿಂದ ಅಲ್ಲಿ ಯಾರೂ ಅಡಿಗೆಯನ್ನು ಹೊಗಳುತ್ತಿರಲಿಲ್ಲ, ತೆಗಳುತ್ತಲೂ ಇರಲಿಲ್ಲ.

ಬೇಸಗೆಯ ಒಂದು ದಿನ ಸೊಸೆಗೆ ತವರಿನ ತಂಬುಳಿಯ ನೆನಪಾಯಿತು. ತಂಪಾದ ಹುಳಿಯೇ ತಂಬುಳಿ. ಎಂಟು ಹತ್ತು ದೊಡ್ಡಪತ್ರೆಯ ಎಲೆಗಳನ್ನು ಜೀರಿಗೆ, ಕಾಳುಮೆಣಸುಗಳೊಡನೆ ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ಹಸಿ ತೆಂಗಿನಕಾಯಿಯೊಡನೆ ನುಣ್ಣಗೆ ಅರೆದು, ಕಡೆದ ಮಜ್ಜಿಗೆಯಲ್ಲಿ ಕಲಸಿ, ಉಪ್ಪು ಬೆರೆಸಿ, ಒಗ್ಗರಣೆ ಕೊಟ್ಟರೆ ಮುಗಿಯಿತು. ಅವಳು ಸಂಭ್ರಮದಿಂದ ಮಾಡಿದಳು. ಅಂದು ಬೇರೆ ಸಾರನ್ನು ಮಾಡಲಿಲ್ಲ. ಮಾವನವರು ಮುದ್ದೆಯನ್ನು ಮುರಿದು ಅದರಲ್ಲಿ ಅದ್ದಿ ಒಂದು ತುತ್ತು ನುಂಗಿದರು, ಎರಡನೆಯದನ್ನು ಕೈಯಲ್ಲೇ ಹಿಡಿದು, “ಬಿಸಿ ಸಾರು ಇಲ್ಲವೇನಮ್ಮಾ?” ಎಂದರು. ಇಲ್ಲವೆಂದು ತಿಳಿದಾಗ ಮುದ್ದೆಯನ್ನು ಬರಿಯ ಉಪ್ಪಿನಕಾಯಿಯಲ್ಲಿ ಉಂಡು ಎದ್ದರು. ಅವರು ಗದರಲಿಲ್ಲ. ಗದರಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೋ ಏನೋ! ಗಂಟೆಗಟ್ಟಲೆ ದುಡಿದು ಬಡಿಸಿದ್ದನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸುವುದು ಎಂತಹ ತೀರ್ಪೆಂಬುದನ್ನು ಉಂಡು ಕೈತೊಳೆಯುವವರು ಅರಿಯುವುದು ಅಪರೂಪ.

ತಣ್ಣಗಿದ್ದುದೇ ದೋಷವೆಂದು ಅವಳು ಬಗೆದಳು. ವಾರ ಕಳೆದ ಮೇಲೆ ಮತ್ತೆ ತಂಬುಳಿ ಮಾಡಿ, ಈ ಸಲ ಒಲೆಯ ಮೇಲಿಟ್ಟಳು. ಕಾಯುತ್ತ ಬಂದಂತೆ ಮಜ್ಜಿಗೆ ಒಡೆಯಿತು. ನೀರು ಬೇರೆ, ಗಸಿ ಬೇರೆಯಾಗಿ ಪಾತ್ರೆಯಲ್ಲಿ ತೇಲಾಡಿತು. ತವರಿನಲ್ಲಿ ಯಾರೂ ತಂಬುಳಿಯನ್ನು ಕುದಿಸಿದ್ದನ್ನು ಅವಳು ಕಂಡಿರಲಿಲ್ಲ. ಪರರಿಗೆ ಮೆಚ್ಚಿಕೆಯಾಗಲೆಂದು ತನಗೆ ತಿಳಿದದ್ದನ್ನೇ ಮರೆತಿದ್ದಳು. ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತಿದ್ದಾಗ ಅತ್ತೆ ಒಳಗೆ ಬಂದರು.

“ಹೊಗೆಯೇನೇ?” ಎಂದು ಕೇಳಿ, ಪಾತ್ರೆಯೊಳಗೆ ಬಗ್ಗಿ ನೋಡಿದರು. ಬಳಿಕ ಅಲ್ಲಿಯೇ ಮಣೆ ಎಳೆದುಕೊಂಡು ಕುಳಿತು, ತಾವು ಸೊಸೆಯಾಗಿ ಬಂದ ವರ್ಷದ ಕಥೆಯನ್ನು ಹೇಳಿದರು. ಅವರು ಈ ಮನೆಗೆ ಬಂದಾಗ ಇಲ್ಲಿ ಟೊಮೆಟೊ ಹಣ್ಣನ್ನು ಒಳಗೆ ತರುತ್ತಿರಲಿಲ್ಲ. ಕೆಂಪಗಿರುವ ಆ ಪರದೇಶದ ಕಾಯಿಯನ್ನು ಅವರ ಅತ್ತೆ ಮುಟ್ಟುತ್ತಿರಲಿಲ್ಲ. ಪೇಟೆಯಲ್ಲಿ ಬೆಳೆದ ಅವರು ಒಮ್ಮೆ ಟೊಮೆಟೊ ಗೊಜ್ಜು ಮಾಡಿದಾಗ ಅದು ಪಾತ್ರೆಸಮೇತ ಹಿತ್ತಿಲಿಗೆ ಹೋಯಿತಂತೆ. “ಈಗ ನಿನ್ನ ಮಾವನಿಗೆ ವಾರಕ್ಕೆ ಎರಡು ಸಲ ಅದೇ ಗೊಜ್ಜು ಬೇಕು. ನಮ್ಮ ವಂಶದ ಗೊಜ್ಜು ಎಂದು ಬಂದವರೊಡನೆ ಹೇಳಿಕೊಳ್ಳುತ್ತಾರೆ!” ಎಂದು ನಕ್ಕರು. ಏಳುವಾಗ ಒಂದು ಮಾತು ಸೇರಿಸಿದರು: “ಮುದ್ದೆಗೆ ಖಾರವಾದ ಬಿಸಿ ಸಾರೇ ಆಗಬೇಕು ಕಣಮ್ಮ. ನಿನ್ನ ತಂಬುಳಿಯನ್ನು ಅನ್ನಕ್ಕೆ ಬಡಿಸು. ಹೊಸದನ್ನು ಮಾಡುವ ದಿನ ಹಳೆಯದೊಂದು ಜೊತೆಗಿರಲಿ.”

ಆ ಮನೆಯ ಟೊಮೆಟೊವಿನ ಕಥೆ ನಾಡಿನ ಅಡಿಗೆಯ ಕಥೆಯೂ ಹೌದು. ಇಂದು ಮೆಣಸಿನಕಾಯಿಯಿಲ್ಲದ ಕನ್ನಡನಾಡಿನ ಅಡಿಗೆಮನೆಯನ್ನು ಊಹಿಸುವುದು ಕಷ್ಟ. ಬ್ಯಾಡಗಿಯ ಮೆಣಸಿನಕಾಯಿಯ ಕೆಂಪು ದೇಶಕ್ಕೆಲ್ಲ ಪ್ರಸಿದ್ಧವಾಗಿದೆ. ಆದರೂ ಅದು ಅಮೆರಿಕ ಖಂಡದ ಕಾಯಿ. ೧೬ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿಯಿತು. ಅದಕ್ಕೆ ಮೊದಲು ಖಾರಕ್ಕೆ ಇದ್ದದ್ದು ಮಲೆನಾಡಿನ ಮೆಣಸು. ಮೆಣಸಿನಂತೆ ಖಾರವಾದ ಕಾಯಿ ಎಂದು ಹೊಸಬನಿಗೆ ಹಳಬನ ಹೆಸರನ್ನೇ ಕೊಟ್ಟರು. ಕಾಲಕ್ರಮದಲ್ಲಿ ಅತಿಥಿಯೇ ಯಜಮಾನನಾದನು. ಮೂಲದ ಮೆಣಸು ತನ್ನ ಗುರುತಿಗಾಗಿ ‘ಕಾಳುಮೆಣಸು’, ‘ಕರಿಮೆಣಸು’ ಎಂದು ಹೇಳಿಕೊಳ್ಳಬೇಕಾಯಿತು! ಪರಂಗಿಹಣ್ಣು, ಸೀಮೆಬದನೆ ಎಂಬ ಹೆಸರುಗಳಲ್ಲಿಯೂ ಹೊರಗಿನಿಂದ ಬಂದ ಗುರುತು ಅಳಿಸದೆ ಉಳಿದಿದೆ. ಆಲೂಗಡ್ಡೆಯೂ ಹೀಗೆ ಬಂದದ್ದೇ. ಇವುಗಳಲ್ಲಿ ಕೆಲವು ಇಂದಿಗೂ ಹಲವು ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಸಲ್ಲುವುದಿಲ್ಲ. ಪಿತೃಗಳ ನಾಲಗೆಗೆ ಇನ್ನೂ ಅಭ್ಯಾಸವಾಗಿಲ್ಲವೆಂದು ತೋರುತ್ತದೆ.

ಹೊರಗಿನ ವಸ್ತು ಬಾರದಿದ್ದಾಗಲೂ ಕನ್ನಡಿಗರ ಅಡಿಗೆ ಒಂದೇ ಬಗೆಯಾಗಿ ನಿಂತಿರಲಿಲ್ಲ. ೧೧ನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಚಾವುಂಡರಾಯನು ಪಾಕಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ೧೬ನೆಯ ಶತಮಾನದ ಆರಂಭದ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿ, ಬದನೆಕಾಯಿಯೊಂದನ್ನೇ ಬಗೆಬಗೆಯಾಗಿ ಬೇಯಿಸುವುದನ್ನು ಹೇಳಿದ್ದಾನೆ. ಕೊರತೆಯೂ ಎಷ್ಟೋ ಸಲ ಹೊಸ ಅಡಿಗೆಗೆ ತಾಯಿಯಾಗಿದೆ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಕ್ಕಿ ದುರ್ಲಭವಾದಾಗ ರವೆಯಿಂದ ಇಡ್ಲಿ ಮಾಡತೊಡಗಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಆ ರವೆ ಇಡ್ಲಿ ಈಗ ಮನೆಮನೆಯ ತಿಂಡಿ. ಹಳ್ಳಿಯ ಬಸ್ಸಾರಿನ ಜಾಣ್ಮೆಯಂತೂ ಇನ್ನೂ ದೊಡ್ಡದು: ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಉಳಿದುದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಪಾತ್ರೆಯ ಬೇಯುವಿಕೆಯಲ್ಲಿ ಎರಡು ರುಚಿ! ಹೀರೇಕಾಯಿಯ ಸಿಪ್ಪೆಯನ್ನೂ ಎಸೆಯದೆ ಚಟ್ನಿ ಅರೆದ ಆ ಮೊದಲ ಹೆಂಗಸಿನ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ತಿಪಟೂರಿನ ಕಡೆಯ ಆ ಮನೆಯಲ್ಲಿ ಸೊಸೆಯು ಅತ್ತೆಯ ಮಾತಿನಂತೆ ನಡೆದಳು. ಮುದ್ದೆಗೆ ಬಸ್ಸಾರು ಮಾಡುವುದನ್ನು ಅತ್ತೆಯಿಂದಲೇ ಕಲಿತಳು. ತಂಬುಳಿಯನ್ನು ಸಣ್ಣ ಬಟ್ಟಲಿನಲ್ಲಿ ಅನ್ನದ ಹೊತ್ತಿಗೆ ಇಟ್ಟಳು. ಬೇಕಾದವರು ಬಡಿಸಿಕೊಂಡರು, ಬೇಡದವರು ಬಿಟ್ಟರು. ಮಕ್ಕಳು ಮೊದಲು ಒಲಿದರು. ಮಾವನವರು ಬಹಳ ದಿನ ಆ ಕಡೆ ನೋಡಲಿಲ್ಲ. ಮರುವರ್ಷದ ಚೈತ್ರದಲ್ಲಿ, ತೋಟದಿಂದ ಬಿಸಿಲಿನಲ್ಲಿ ಬಂದು ಎಲೆಯ ಮುಂದೆ ಕುಳಿತವರು, “ಆ ಹಸಿರು ಮಜ್ಜಿಗೆ ಇಲ್ಲವೇನಮ್ಮಾ?” ಎಂದು ಕೇಳಿದರು. ಅದರ ಹೆಸರನ್ನು ಅವರು ಕೊನೆಯವರೆಗೂ ಕಲಿಯಲಿಲ್ಲ.

ಆ ವರ್ಷ ಮಗಳು ತವರಿಗೆ ಬಂದು ಮಂಡ್ಯಕ್ಕೆ ಹಿಂದಿರುಗುವಾಗ ಅತ್ತೆಯವರು ಹಿತ್ತಿಲಿಗೆ ಹೋಗಿ ನಾಲ್ಕು ದೊಡ್ಡಪತ್ರೆಯ ಕಡ್ಡಿಗಳನ್ನು ಮುರಿದು ತಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟು, ಮಾಡುವ ಕ್ರಮವನ್ನೆಲ್ಲ ಹೇಳಿ, ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಬಳಿ ಓಡಿಹೋಗಿ ಮತ್ತೊಮ್ಮೆ ಎಚ್ಚರಿಸಿದರು: “ಯಾರು ಏನೇ ಅಂದರೂ ಒಲೆಯ ಮೇಲೆ ಮಾತ್ರ ಇಡಬೇಡ ಕಣೇ!”