ಹಿರೀಸಾವೆಯಿಂದ ತ್ಯಾಗದ ಕಂಬದವರೆಗೆ

ಬೆಂಗಳೂರಿನಿಂದ ಹಾಸನದ ಹೆದ್ದಾರಿಯನ್ನು ಹಿಡಿದ ಯಾತ್ರಿಕರಿಗೆ ಹಿರೀಸಾವೆಯ ಪರಿಚಯವು ಬಹುಮಟ್ಟಿಗೆ ಒಂದು ತಿರುವಿನ ಪರಿಚಯ. ಬೆಳ್ಳೂರು ಕ್ರಾಸು ಹಿಂದಾಗಿ, ಚನ್ನರಾಯಪಟ್ಟಣವು ಇನ್ನೂ ದೂರವಿರುವಾಗಲೇ ಎಡಕ್ಕೆ ಶ್ರವಣಬೆಳಗೊಳದ ಫಲಕವು ಕಾಣಿಸಿಕೊಳ್ಳುತ್ತದೆ. ವಾಹನಗಳು ವೇಗವನ್ನು ತಗ್ಗಿಸುತ್ತವೆ. ಕೆಲವರು ಎಳನೀರು ಕುಡಿಯುತ್ತಾರೆ. ಗೊಮ್ಮಟನನ್ನು ನೆನೆಯುತ್ತ ಮುಂದೆ ಸಾಗುತ್ತಾರೆ. ತೆಂಗಿನ ತೋಟಗಳ ನಡುವೆ, ರಾಗಿಯ ಹೊಲಗಳ ಅಂಚಿನಲ್ಲಿ ಬಾಳುತ್ತಿರುವ ಈ ಹೋಬಳಿಯ ಊರಿಗೆ ತನ್ನದೇ ಆದ ನೆನಪುಗಳು ಇರಬಹುದೆಂದು ಯಾರೂ ಯೋಚಿಸುವುದಿಲ್ಲ. ನನಗಾದರೋ ಅಲ್ಲಿ ತಂಗಿಯನ್ನು ಕೊಟ್ಟ ಮನೆಯಿದೆ. ಆದುದರಿಂದ ವರ್ಷಕ್ಕೊಮ್ಮೆಯಾದರೂ ಆ ತಿರುವಿನಲ್ಲಿ ಇಳಿಯುತ್ತೇನೆ.

ಈ ಸಲ ಇಳಿದದ್ದು ಮೇ ತಿಂಗಳ 8ನೆಯ ತಾರೀಖು ಸಂಜೆ. ತಂಗಿಯ ಮಗಳು ರಷ್ಯಾದ ವೋಲ್ಗೊಗ್ರಾದ್ ನಗರದಲ್ಲಿ ವೈದ್ಯ ವಿದ್ಯಾಭ್ಯಾಸ ಮುಗಿಸಿ ಬಂದವಳು. ಮರುದಿನ ಬೆಳಗೊಳಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. "ನಾಳೆ ಅಲ್ಲಿ ದೊಡ್ಡ ಹಬ್ಬ, ಮಾವ" ಎಂದಳು. ಬೆಳಗೊಳದಲ್ಲಿ ಏನು ಹಬ್ಬವೆಂದು ನಾನು ಕೇಳುವಷ್ಟರಲ್ಲಿ, ಅವಳ 'ಅಲ್ಲಿ' ಎಂಬುದು ರಷ್ಯಾ ಎಂದು ಹೊಳೆಯಿತು.

ಮೇ 9 ರಷ್ಯನರ ವಿಜಯ ದಿನ. 1945ರಲ್ಲಿ ಜರ್ಮನಿಯ ಶರಣಾಗತಿ ಪತ್ರಕ್ಕೆ ಬರ್ಲಿನ್ನಿನಲ್ಲಿ ಸಹಿ ಬಿದ್ದಾಗ ಅಲ್ಲಿ 8ನೆಯ ತಾರೀಖಿನ ನಡುರಾತ್ರಿ ಸಮೀಪಿಸಿತ್ತು. ಮಾಸ್ಕೋ ನಗರದ ಗಡಿಯಾರದಲ್ಲಿ ಆಗಲೇ 9 ಹುಟ್ಟಿತ್ತು. ಆ ಯುದ್ಧದಲ್ಲಿ ಸೋವಿಯತ್ ನಾಡು ಕಳೆದುಕೊಂಡ ಜನರು ಸುಮಾರು ಎರಡು ಕೋಟಿ ಎಪ್ಪತ್ತು ಲಕ್ಷ. ಅಷ್ಟಾದರೂ ಈ ದಿನವು ಮೊದಲಿನಿಂದಲೂ ದೊಡ್ಡ ಉತ್ಸವವಾಗಿರಲಿಲ್ಲವೆಂಬುದು ಹಲವರಿಗೆ ಸೋಜಿಗವೆನಿಸಬಹುದು. 1948ರಿಂದ ಅದರ ರಜೆಯನ್ನೇ ತೆಗೆದುಹಾಕಿದ್ದರು. ಗಾಯವಿನ್ನೂ ಹಸಿಯಾಗಿದ್ದಾಗ ಡೋಲು ಬಾರಿಸುವುದು ಯಾರಿಗೆ ತಾನೆ ಸಾಧ್ಯ? ಇಪ್ಪತ್ತು ವರ್ಷಗಳ ಬಳಿಕ, 1965ರಲ್ಲಿ, ಅದು ಮತ್ತೆ ರಾಷ್ಟ್ರೀಯ ರಜೆಯಾಯಿತು. ಮಾಸ್ಕೋ ನಗರದ ಅಜ್ಞಾತ ಯೋಧನ ಸಮಾಧಿಯಲ್ಲಿ ನಂದಾದೀಪವನ್ನು ಹೊತ್ತಿಸಿದ್ದು 1967ರಲ್ಲಿ.

ವೋಲ್ಗೊಗ್ರಾದ್ ಎಂದರೆ ಹಿಂದಿನ ಸ್ಟಾಲಿನ್‌ಗ್ರಾದ್. 1942ರ ಜುಲೈಯಿಂದ 1943ರ ಫೆಬ್ರವರಿಯವರೆಗೆ ಇನ್ನೂರು ದಿನ ಹೊತ್ತಿ ಉರಿದ ಊರು. ನಗರದ ನಡುವೆ ಮಮಾಯೆವ್ ಕುರ್ಗಾನ್ ಎಂಬ ಗುಡ್ಡವಿದೆಯಂತೆ. ಅದನ್ನು ಏರಲು ಇನ್ನೂರು ಮೆಟ್ಟಿಲು; ಯುದ್ಧದ ದಿನಕ್ಕೊಂದರಂತೆ. ತುದಿಯಲ್ಲಿ ಕತ್ತಿ ಹಿರಿದು ಮಕ್ಕಳನ್ನು ಕರೆಯುತ್ತಿರುವ ತಾಯ್ನಾಡಿನ ಪ್ರತಿಮೆ. ಕತ್ತಿಯೂ ಸೇರಿ ಅದರ ಎತ್ತರ 85 ಮೀಟರು. ಶಿಲ್ಪಿ ವುಚೆತಿಚ್, ಅನಾವರಣವಾದದ್ದು 1967ರಲ್ಲಿ. ಅದೇ ಗುಡ್ಡದಲ್ಲಿ ಮೂವತ್ತನಾಲ್ಕು ಸಾವಿರಕ್ಕೂ ಮಿಕ್ಕಿದ ಸೈನಿಕರು ಮಣ್ಣಾಗಿದ್ದಾರೆ. ನಂದಾದೀಪ ಉರಿಯುವ ಮಂಟಪದಲ್ಲಿ ಎಡೆಬಿಡದೆ ಕೇಳಿಬರುವ ಸಂಗೀತವಾದರೋ ಶೂಮನ್ ಎಂಬ ಜರ್ಮನ್ ಸಂಗೀತಗಾರನ ರಚನೆ. ಸೋತವನ ನಾಡಿನ ರಾಗವನ್ನು ಗೆದ್ದವನ ಗುಡಿಯಲ್ಲಿ ನುಡಿಸಿದ ಆ ಮನಸ್ಸು ನನಗೆ ಪ್ರತಿಮೆಯ ಎತ್ತರಕ್ಕಿಂತ ದೊಡ್ಡದಾಗಿ ಕಂಡಿತು.

"2019ರ ಮೇ 9ರಂದು ನಾನೂ ಮೆರವಣಿಗೆ ನೋಡಲು ಹೋಗಿದ್ದೆ, ಮಾವ. ಯುದ್ಧಕ್ಕೆ ಹೋದ ತಾತ, ಮುತ್ತಾತಂದಿರ ಭಾವಚಿತ್ರಗಳನ್ನು ಕೋಲಿಗೆ ಕಟ್ಟಿಕೊಂಡು ಊರಿಗೆ ಊರೇ ನಡೆಯುತ್ತದೆ. ನನ್ನ ಸಹಪಾಠಿ ಕೇಳಿದಳು, ನಿಮ್ಮ ಮನೆಯಿಂದ ಯಾರೂ ಹೋಗಿರಲಿಲ್ಲವೇ ಎಂದು. ಇಲ್ಲ ಎಂದುಬಿಟ್ಟೆ."

'ಅಮರ ಸೇನಾದಳ' ಎಂದು ಕರೆಯುವ ಈ ಮೆರವಣಿಗೆಯನ್ನು ತೋಮ್ಸ್ಕ್ ಎಂಬ ಊರಿನವರು 2012ರಲ್ಲಿ ಆರಂಭಿಸಿದರು. ಅವಳು 'ಇಲ್ಲ' ಎಂದಿದ್ದಳಷ್ಟೆ. ಆದರೆ ನಾವು ಕುಳಿತಿದ್ದ ನಡುಮನೆಯ ಗೋಡೆಯ ಮೇಲೆಯೇ, ದೇವರ ಪಟಗಳ ಸಾಲಿನ ಕೊನೆಯಲ್ಲಿ, ಕಂದು ಬಣ್ಣಕ್ಕೆ ತಿರುಗಿದ ಒಂದು ಭಾವಚಿತ್ರವಿತ್ತು: ಸಮವಸ್ತ್ರ, ಪೇಟ, ಗಂಭೀರವಾದ ಕಿರಿಯ ಮುಖ. ಅದು ಅವಳ ಮುತ್ತಾತನದು. ಮೈಸೂರು ಸಂಸ್ಥಾನದ ಕಾಲ್ದಳದಲ್ಲಿದ್ದು ಮಲಯಕ್ಕೆ ಹೋದವರು ಎಂಬುದನ್ನು ಮಗುವಿಗೆ ಯಾರೂ ಹೇಳಿರಲಿಲ್ಲ. ಪೋಲೀಸಿನಲ್ಲಿದ್ದವರು ಎಂದು ಅವಳು ತಿಳಿದಿದ್ದಳು.

ಮೈಸೂರಿನ ಒಂದನೆಯ ಕಾಲ್ದಳವು ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ರಕ್ಷಣೆಗೆ ನಿಂತ ಸೇನೆಯಲ್ಲಿ ಸೇರಿತ್ತು. 1942ರ ಫೆಬ್ರವರಿ 15ರಂದು ಜನರಲ್ ಪರ್ಸಿವಲ್ ಜಪಾನೀಯರಿಗೆ ಶರಣಾದಾಗ ಎಂಬತ್ತು ಸಾವಿರಕ್ಕೂ ಮಿಕ್ಕಿದ ಸೈನಿಕರೊಡನೆ ನಮ್ಮ ಮೈಸೂರಿಗರೂ ಸೆರೆಯಾಳುಗಳಾದರು. 1945ರ ಮೇ 9ರಂದು ಮಾಸ್ಕೋ ನಗರದಲ್ಲಿ ಬಾಣಬಿರುಸು ಹಾರಿದಾಗ ಸಿಂಗಪುರದ ಸೆರೆ ತೆರೆದಿರಲಿಲ್ಲ. ಅಲ್ಲಿ ಜಪಾನೀಯರು ವಿಧಿವತ್ತಾಗಿ ಶರಣಾದದ್ದು ಸೆಪ್ಟೆಂಬರ್ 12ರಂದು.

ಮಾತು ಕೇಳಿಸಿಕೊಳ್ಳುತ್ತಿದ್ದ ಅಜ್ಜಿ, ಅಂದರೆ ಭಾವಚಿತ್ರದಲ್ಲಿದ್ದವರ ಸೊಸೆ, ಅವರೆಕಾಳು ಬಿಡಿಸುವುದನ್ನು ನಿಲ್ಲಿಸಿದರು. "ನಮ್ಮತ್ತೆ ಹೇಳೋರು ಕಣವ್ವ. ಮೂರೂವರೆ ವರ್ಷ ಒಂದು ಕಾಗದ ಇಲ್ಲ. ಕುಂಕುಮ ಅಳಿಸ್ಕೋ ಅಂತ ನೆಂಟರೆಲ್ಲ ಬಂದು ಕೂತ್ರಂತೆ. ಸತ್ತ ಸುದ್ದಿ ತನ್ನಿ, ಅಳಿಸ್ಕೋತೀನಿ ಅಂದ್ರಂತೆ. ಒಂದಿನ ಮುದ್ದೆ ತೊಳಸ್ತಿದ್ದಾಗ ಬಾಗ್ಲಲ್ಲಿ ಬಂದು ನಿಂತ್ರಂತೆ, ಗುರುತೇ ಸಿಗಲಿಲ್ಲವಂತೆ. ಯುದ್ಧದ ಮಾತು ಆಡ್ತಿರಲಿಲ್ಲ. ಆದ್ರೆ ಎಲೇಲಿ ಯಾರಾದ್ರೂ ಅನ್ನ ಬಿಟ್ರೆ ಮಾತ್ರ, ತಾವು ಊಟ ಬಿಟ್ಟು ಎದ್ದುಹೋಗೋರು."

ಆ ರಾತ್ರಿ ಹುಡುಗಿ ಹೆಚ್ಚು ಮಾತಾಡಲಿಲ್ಲ.

ಬೆಳಿಗ್ಗೆ ಹಿರೀಸಾವೆಯಿಂದ ಬೆಳಗೊಳಕ್ಕೆ ಹೊರಟೆವು. ದಾರಿ ಅರ್ಧ ಗಂಟೆಯದು. ಮೇ ತಿಂಗಳಲ್ಲಿ ಹೋಗುವವರು ಬಿಸಿಲೇರುವುದಕ್ಕೆ ಮುಂಚೆಯೇ ಇಂದ್ರಗಿರಿಯನ್ನು ಹತ್ತಬೇಕು. ಬರಿಗಾಲಿನಲ್ಲಿ ಹತ್ತುವ ಬಂಡೆ ಹತ್ತು ಗಂಟೆಯ ಮೇಲೆ ಕಾದ ಹೆಂಚಿನಂತಾಗುತ್ತದೆ. "ನಮ್ಮಲ್ಲಿ ಅಂಥ ವಿಜಯ ದಿನವಿಲ್ಲವೇ, ಮಾವ?" ಎಂದು ಅವಳು ಕೇಳಿದಳು. ಇಲ್ಲದೇನು? 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರೊಡನೆ ಪ್ಯಾಲೆಸ್ತೀನಿನ ಹೈಫಾ ನಗರವನ್ನು ಗೆದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರಿನ ಫಿರಂಗಿಗಳ ಮೇಲೆ ಈಟಿ ಹಿಡಿದು ನುಗ್ಗಿದರು. ಆ ದಿನವನ್ನು ಇಂದಿಗೂ ಆಚರಿಸುತ್ತಾರೆ. ದಿಲ್ಲಿಯ ತೀನ್ ಮೂರ್ತಿಯ ಮೂರು ಕಂಚಿನ ವಿಗ್ರಹಗಳಲ್ಲಿ ಒಂದು ಮೈಸೂರಿನ ಸವಾರನದು. ಡಿಸೆಂಬರ್ 16 ಇದೆ, 1971ರ ಗೆಲುವಿನದು. ಜುಲೈ 26 ಇದೆ, 1999ರ ಕಾರ್ಗಿಲ್ಲಿನದು. ಇವೆಲ್ಲವನ್ನೂ ಹೇಳಿದೆನು. ಆದರೆ ಸಿಂಗಪುರದಲ್ಲಿ ಸೆರೆಸಿಕ್ಕು ಮೂರೂವರೆ ವರ್ಷ ಸವೆದವರು ಇವುಗಳಲ್ಲಿ ಯಾವ ದಿನಕ್ಕೂ ಸೇರುವುದಿಲ್ಲ. ಅದನ್ನು ಅವಳೇ ಎತ್ತಿ ತೋರಿಸಿದಳು.

ಬೆಟ್ಟದಲ್ಲಿ ಒದೆಗಲ್ ಬಸದಿಯನ್ನು ದಾಟಿದ ಮೇಲೆ ಒಂದು ಮಂಟಪದೊಳಗೆ ತ್ಯಾಗದ ಬ್ರಹ್ಮದೇವರ ಕಂಬವಿದೆ. ಲತೆಯ ಸುರುಳಿಗಳಿಂದ ತುಂಬಿದ ಅದರ ಕೆತ್ತನೆಯನ್ನು ನೋಡಿ, ಬುಡದಲ್ಲಿ ಕರವಸ್ತ್ರ ತೂರಿಸಬಹುದೆಂಬ ಮಾತನ್ನು ಕೇಳಿ ಜನರು ಮುಂದೆ ಹೋಗುತ್ತಾರೆ. ವಾಚಕರು ದಯಮಾಡಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನು ಇಲ್ಲಿ ನಿಂತು ದಾನ ಮಾಡುತ್ತಿದ್ದನೆಂಬುದು ಪ್ರತೀತಿ. ಅವನು ಗಂಗರ ಮಂತ್ರಿ, ದಂಡನಾಯಕ. ಕನ್ನಡದಲ್ಲಿ ಗದ್ಯಗ್ರಂಥವನ್ನು ಬರೆದವನು. ಅವನ ಬಿರುದುಗಳೇ ಒಂದು ಯುದ್ಧಪಟ್ಟಿ: ಖೇಡಗದ ಕಾಳಗಕ್ಕಾಗಿ ಸಮರಧುರಂಧರ, ಗೋನೂರಿನ ಬಯಲಿನ ಪರಾಕ್ರಮಕ್ಕಾಗಿ ವೀರಮಾರ್ತಂಡ, ಉಚ್ಚಂಗಿಯ ಕೋಟೆಗಾಗಿ ರಣರಂಗಸಿಂಗ. ತಮ್ಮನನ್ನು ಕೊಂದವನ ಮೇಲೆ ಹಗೆ ತೀರಿಸಿಕೊಂಡುದಕ್ಕಾಗಿ ಸಮರಪರಶುರಾಮ. ಈ ಗೆಲುವುಗಳ ವಿವರವನ್ನು ಕಂಬದ ನಾಲ್ಕು ಮುಖಗಳಲ್ಲಿಯೂ ಬರೆಯಿಸಿದ್ದನು.

ಈಗ ಉಳಿದಿರುವುದು ಒಂದೇ ಮುಖ! ಸುಮಾರು 1200ರ ಹೊತ್ತಿಗೆ ಹೆಗ್ಗಡೆ ಕಣ್ಣನೆಂಬವನು, ಕಂಬದ ಮೇಲೆ ಒಬ್ಬ ಯಕ್ಷನನ್ನು ಮಾಡಿಸಿದೆನೆಂಬ ಎರಡು ಮೂರು ಸಾಲಿನ ಸಂಗತಿಯನ್ನು ಕೆತ್ತಿಸಲು, ಮೂರು ಮುಖಗಳ ಅಕ್ಷರಗಳನ್ನು ಅಳಿಸಿಹಾಕಿಸಿದನು. ಗಂಗರ ಇತಿಹಾಸದ ಎಷ್ಟೋ ಸಂಗತಿಗಳು, ಗೊಮ್ಮಟನು ಎದ್ದುನಿಂತ ವೃತ್ತಾಂತವೂ ಒಂದು ವೇಳೆ, ಆ ಚಾಣದ ತುದಿಯಲ್ಲಿ ಪುಡಿಯಾಗಿ ಉದುರಿಹೋದವು. ನಾನು ಈ ಹೆಗ್ಗಡೆಯನ್ನು ಕ್ಷಮಿಸಲಾರೆನು. ಹುಡುಗಿ ಮಾತ್ರ ನಯವಾದ ಆ ಕಲ್ಲನ್ನು ನೋಡಿ, "ಪಾಪ, ಅವನಿಗೂ ಹೆಸರುಳಿಸುವ ಆಸೆ" ಎಂದಳು.

ಮುಂದಿನದು ಅಖಂಡ ಬಾಗಿಲು. ಅದರ ಎರಡು ಪಕ್ಕಗಳಲ್ಲಿ ಬಾಹುಬಲಿಗೂ ಭರತನಿಗೂ ಒಂದೊಂದು ಗುಡಿ. ಹೊಯ್ಸಳರ ದಂಡನಾಯಕ ಭರತಮಯ್ಯನು ಸುಮಾರು 1130ರಲ್ಲಿ ಮಾಡಿಸಿದವು. ಅಣ್ಣತಮ್ಮಂದಿರ ಆ ಕಥೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೈನ್ಯಗಳು ಎದುರುಬದುರಾದಾಗ ಮಂತ್ರಿಗಳು ನಡುವೆ ಬಂದು, ಸಾವಿರಾರು ಜನ ಸಾಯುವುದೇಕೆ, ನೀವಿಬ್ಬರೇ ಹೋರಾಡಿರೆಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನೇ ಗೆದ್ದನು. ಗೆದ್ದ ಗಳಿಗೆಯಲ್ಲಿಯೇ ರಾಜ್ಯವನ್ನು ಅಣ್ಣನಿಗೆ ಬಿಟ್ಟು ಹೊರಟನು. ಹುತ್ತ ಬೆಳೆದು ಬಳ್ಳಿ ಹಬ್ಬುವವರೆಗೆ ನಿಂತ ಆ ನಿಲುವೇ ಬೆಟ್ಟದ ತುದಿಯ 58 ಅಡಿಯ ವಿಗ್ರಹ. ಇದೂ ಒಂದು ಗೆಲುವಿನ ಸ್ಮಾರಕವೇ. ಆದರೆ ಕೈಗಳು ಬರಿದಾಗಿ ಕೆಳಗಿಳಿದಿವೆ.

ಅವಳು ಬಹಳ ಹೊತ್ತು ತಲೆಯೆತ್ತಿ ನೋಡಿದಳು. "ಅಲ್ಲಿಯ ತಾಯಿಯ ಕತ್ತಿಯೇ 33 ಮೀಟರು ಉದ್ದ, ಮಾವ" ಎಂದಷ್ಟೇ ಹೇಳಿದಳು. ಆಮೇಲೆ ಅವಳ ಮಾತು ಉಕ್ರೇನಿನ ಕಡೆಗೆ ತಿರುಗಿತು. 1945ರಲ್ಲಿ ಒಂದೇ ಕೆಂಪು ಸೇನೆಯಲ್ಲಿ ಹೆಗಲೆಣೆಯಾಗಿ ಕಾದಿದವರ ಮೊಮ್ಮಕ್ಕಳು 2022ರಲ್ಲಿ ಪರಸ್ಪರ ಗುಂಡು ಹಾರಿಸತೊಡಗಿದರು. ಮರುವರ್ಷ ಉಕ್ರೇನು ಮೇ 9ನ್ನು ಕೈಬಿಟ್ಟು ಮೇ 8ನ್ನು ನೆನಪಿನ ದಿನವಾಗಿ ಮಾಡಿಕೊಂಡಿತು. ಅದೇ ವರ್ಷ ರಷ್ಯಾದಲ್ಲಿಯೂ ಭಾವಚಿತ್ರಗಳ ಬೀದಿ ಮೆರವಣಿಗೆಯನ್ನು ರದ್ದುಪಡಿಸಿದರು. ಅವಳ ತರಗತಿಯಲ್ಲಿ ಎರಡು ಕಡೆಯ ನೆಂಟರೂ ಇದ್ದವರಿದ್ದರಂತೆ. ಅವರು ಈಗ ಯಾವ ದಿನ ತಾತನ ಪಟಕ್ಕೆ ಹೂವಿಡುತ್ತಾರೋ ಎಂದಳು.

ಗೊಮ್ಮಟನ ಸುತ್ತಲಿನ ಪ್ರಾಕಾರವು ಗಂಗರಾಜನದು. 1116ರ ಸುಮಾರಿನಲ್ಲಿ ಚೋಳರಿಂದ ತಲಕಾಡನ್ನು ಗೆದ್ದು ವಿಷ್ಣುವರ್ಧನನಿಗೆ ಕೊಟ್ಟ ದಂಡನಾಯಕನು. ಬೇಡಿದ್ದನ್ನು ಕೊಡುತ್ತೇನೆಂದು ದೊರೆ ಹೇಳಿದಾಗ ಊರೊಂದನ್ನು ಕೇಳಿ ಪಡೆದು, ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಅದನ್ನು ಬಿಟ್ಟನು.

ಸಂಜೆ ಎದುರಿನ ಚಂದ್ರಗಿರಿಯನ್ನು ಹತ್ತಿದೆವು. ಇಲ್ಲಿ ಜನಸಂದಣಿ ಕಡಿಮೆ, ಗಾಳಿ ಹೆಚ್ಚು. ಬಾಗಿಲಲ್ಲೇ ಕೂಗೆ ಬ್ರಹ್ಮದೇವರ ಕಂಬ. 974ರಲ್ಲಿ ತೀರಿಕೊಂಡ ಗಂಗ ಮಾರಸಿಂಹನ ನೆನಪಿನದು. ರಾಷ್ಟ್ರಕೂಟ ಕೃಷ್ಣನಿಗಾಗಿ ಗೂರ್ಜರ ದೇಶವನ್ನು ಗೆದ್ದವನು, ನೊಳಂಬಕುಲಾಂತಕನೆನಿಸಿದವನು ಎಂದು ಅವನ ವಿಜಯಗಳನ್ನು ಶಾಸನವು ಉಸಿರು ಕಟ್ಟಿ ಎಣಿಸುತ್ತದೆ. ಕೊನೆಗೆ, ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಮೂರು ದಿನ ಉಪವಾಸವಿದ್ದು ದೇಹ ಬಿಟ್ಟನೆನ್ನುತ್ತದೆ. ಗಂಧವಾರಣ ಬಸದಿಯ ಬಳಿಯ ಕಂಬವು ಸೋತ ಕುಲದ್ದು. ರಾಷ್ಟ್ರಕೂಟರ ಕಡೆಯ ಕುಡಿ ನಾಲ್ಕನೆಯ ಇಂದ್ರನು ಸಿಂಹಾಸನವಿಲ್ಲದೆ 982ರಲ್ಲಿ ಇಲ್ಲಿ ಸಲ್ಲೇಖನ ವ್ರತದಿಂದ ಮಡಿದನು. ಅವನ ಶಾಸನ ಬರೆದವನಿಗೆ ಹೇಳಲು ದಿಗ್ವಿಜಯಗಳಿರಲಿಲ್ಲ. ಚೆಂಡಾಟದಲ್ಲಿ ಅವನಿಗಿದ್ದ ಕೌಶಲವನ್ನೇ ಮನಸಾರೆ ಹೊಗಳಿದ್ದಾನೆ. ನನಗೆ ಆ ಕವಿಯ ಮೇಲೆ ಪ್ರೀತಿ.

ಇಳಿಯುವಾಗ ಬೆಳಗೊಳದ ಒಂದು ವೀರಗಲ್ಲಿನ ಕಥೆಯನ್ನು ಹೇಳಿದೆನು. ಹತ್ತನೆಯ ಶತಮಾನದ್ದು. ಕುದುರೆಯೇರಿ, ಕತ್ತಿಯೆತ್ತಿ, ಆನೆಯ ಮೇಲಿರುವವನನ್ನು ಎದುರಿಸುತ್ತಿರುವ ಒಬ್ಬ ಹೆಣ್ಣುಮಗಳು; ಹೆಸರು ಸಾವಿಯಬ್ಬೆ. ಗಂಡ ಲೋಕವಿದ್ಯಾಧರನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲಿ ಮಡಿದಳು. ತಂದೆಯ ಹೆಸರು, ತಾಯಿಯ ಹೆಸರು ಸಹ ಕಲ್ಲಿನಲ್ಲಿವೆ.

ಹುಡುಗಿ ಮೆಟ್ಟಿಲ ಮೇಲೆ ನಿಂತಳು. ದೂರವಾಣಿಯನ್ನು ತೆಗೆದು ಹಿರೀಸಾವೆಯ ಮನೆಗೆ ಕರೆ ಮಾಡಿದಳು.

"ಅಜ್ಜೀ, ಕುಂಕುಮ ಅಳಿಸಿಕೊಳ್ಳಲಿಲ್ಲ ಅಂದೆಯಲ್ಲ, ಆ ಮುತ್ತಜ್ಜಿಯ ಹೆಸರೇನು?"